ಮಾಸ್ಕ್ ಹಾಕಿಕೊಳ್ಳುವ ಜಾಗ

ಕಚೇರಿಗೆ ಹೋಗುವಾಗ ನಾನು ಎರಡೂ ಕೈ ತುಂಬ ಕಡತ ಹೊತ್ತುಕೊಂಡೇ ಹೋಗುತ್ತಿದ್ದೆ. ಗದ್ದ ಮುಟ್ಟುವಷ್ಟು ಎತ್ತರದ ರಾಶಿ. ನಮ್ಮಲ್ಲಿ ಬೆಳಿಗ್ಗೆ ಎದುರಾದವರ ಕೆನ್ನೆಗೆ ಕೆನ್ನೆ ತಾಗಿಸಿ, ಗಾಳಿಯಲ್ಲೊಂದು ಮುತ್ತಿನ ಸದ್ದು ಮಾಡದೆ ದಿನ ಶುರುವಾಗುವುದಿಲ್ಲ. ಹಾಗೆ ಮಾಡದವಳು ಸೊಕ್ಕಿನವಳು. ನನಗೆ ಸೊಕ್ಕಿಲ್ಲ. ಆದರೆ ಅಷ್ಟು ಜನರ ಕೆನ್ನೆ ದಾಟಿ ನನ್ನ ಕುರ್ಚಿ ಮುಟ್ಟುವಷ್ಟರಲ್ಲಿ ದಿನಕ್ಕೆಂದು ಕೂಡಿಟ್ಟುಕೊಂಡ ಮಾತೆಲ್ಲ ಖರ್ಚಾಗಿಬಿಡುತ್ತಿತ್ತು. ಕಡತ ಹೊತ್ತವಳನ್ನು ಯಾರೂ ತಡೆಯುವುದಿಲ್ಲ. "ಪಾಪ, ನೊಯೆಮಿಗೆ ಎಷ್ಟ್ ಕೆಲ್ಸ ನೋಡು" ಎಂದು ದಾರಿ ಬಿಡುತ್ತಾರೆ.

ನಮ್ಮದು ಚಿಲೋಯೆ ದ್ವೀಪದ ದಕ್ಷಿಣ ತುದಿಯಲ್ಲಿ ಕೊಲ್ಲಿಯ ನೀರಿಗೆ ಕಾಲು ಚಾಚಿ ಕೂತಿರುವ ಸಾಲ್ಮನ್ ಮೀನಿನ ಕಾರ್ಖಾನೆ. ನಾನು ಸಿಬ್ಬಂದಿ ವಿಭಾಗದಲ್ಲಿ ಸಹಾಯಕಿ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ಆಗದಂತೆ ಮಾಲೀಕರೇ ನೋಡಿಕೊಳ್ಳಬೇಕು ಎಂಬ ಹೊಸ ಕಾನೂನು ಬಂದಾಗ ಕಂಪನಿ ಒಬ್ಬರನ್ನು ತರಬೇತಿಗೆ ಕಳಿಸಲೇಬೇಕಾಯಿತು. ಯಾರೂ ಒಪ್ಪಲಿಲ್ಲ, ನನ್ನನ್ನು ಕಳಿಸಿದರು. ತಂದ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಮ್ಯಾನೇಜರ್ ಲಿಸಾಂದ್ರೊ ತಮ್ಮ ಕೋಣೆಯಲ್ಲಿ ತೂಗುಹಾಕಿಕೊಂಡರು. ಗೋಡೆಗಳಿಗೆಲ್ಲ ಪೋಸ್ಟರ್ ಬಂತು. ಒಂದು ಮಧ್ಯಾಹ್ನ ಎಲ್ಲ ಹೆಂಗಸರನ್ನೂ ಊಟದ ಹಾಲಿನಲ್ಲಿ ಕೂರಿಸಿ ನಾನು ನಿಯಮ ಓದಿದೆ. ಅವರು ಎಂಪನಾಡ ಕಡುಬು ತಿಂದು, ಸಹಿ ಹಾಕಿ ಎದ್ದುಹೋದರು. ಹಿಂದಿನ ಸಾಲಿಗೆ ನನ್ನ ದನಿ ಕೇಳಿಸಿರಲಿಕ್ಕಿಲ್ಲ.

ನಿಜವಾಗಿ ನನ್ನ ಕಾಲ ಕಳೆಯುತ್ತಿದ್ದುದು ಬೇರೆ ರಗಳೆಯಲ್ಲಿ. ಮೀನಿನ ಮುಳ್ಳು ಕೀಳುವ ಎರಡನೇ ಲೈನಿನ ಹೆಂಗಸರ ಮೇಲೆ ಗುಣಮಟ್ಟದ ವಿಭಾಗದವರು ಪದೇ ಪದೇ ತಕರಾರು ಕಳಿಸುತ್ತಿದ್ದರು. ಒಳಗೆ ಹೋಗುವ ಮುನ್ನ ಬೂಟು ತೊಳೆದು, ಕೈ ತೊಳೆದು, ಆಮೇಲೆ ಅಲ್ಲೇ ಹೊಸ ಮಾಸ್ಕ್ ತೆಗೆದು ಹಾಕಿಕೊಳ್ಳಬೇಕು. ಒಮ್ಮೆ ಹಾಕಿಕೊಂಡರೆ ಮುಗಿಯಿತು, ಮತ್ತೆ ಯಾರೂ ಅವರ ಮುಖ ಮುಟ್ಟುವಂತಿಲ್ಲ. ಇವರೋ ಬಟ್ಟೆ ಬದಲಿಸುವ ಕೋಣೆಯಿಂದಲೇ ಮಾಸ್ಕ್ ಹಾಕಿಕೊಂಡು ಓಣಿಗೆ ಬರುತ್ತಾರೆ, ಓಣಿಯ ಕೊಳೆಯೆಲ್ಲ ಅದಕ್ಕೆ ಅಂಟುತ್ತದೆ. ನಾನು ಹೋಗಿ ಎಚ್ಚರಿಕೆ ಓದಿದರೆ ತಲೆಯಾಡಿಸುತ್ತಿದ್ದರು. ಮರುದಿನ ಮತ್ತೆ ಅದೇ.

"ಹಠಮಾರಿಗಳು. ದ್ವೀಪದ ಹೆಂಗಸರೇ ಹಾಗೆ" ಎನ್ನುತ್ತಿದ್ದರು ಲಿಸಾಂದ್ರೊ. ಅವರು ರಾಜಧಾನಿ ಸಾಂಟಿಯಾಗೊದವರು.

ಮಂಗಳವಾರ ಚಹಾದ ವಿರಾಮದಲ್ಲಿ ಯಾಸ್ನಾ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಎರಡನೇ ಲೈನಿಗೆ ಹೊಸದಾಗಿ ಸೇರಿದ ಹುಡುಗಿ, ನನ್ನದೇ ವಯಸ್ಸು. ಬೂಟಿನ ನೀರು ನೆಲಕ್ಕಿಳಿಯುತ್ತಿತ್ತು. ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

"ಮೇಡಂ, ಆ ಪೋಸ್ಟರಲ್ಲಿ ಇರೋದು... ಅದನ್ನ ಇಲ್ಲೇ ಹೇಳ್ಬೇಕಾ?"

"ಒಳಗೆ ಬನ್ನಿ."

"ನೆಲ ಒದ್ದೆ ಆಗುತ್ತೆ."

"ಆಗ್ಲಿ."

ಬಾಗಿಲು ಹಾಕಿದೆ. ಅವಳು ಕೂರಲಿಲ್ಲ. ಮಾತು ಒಂದೇ ಉಸಿರಿಗೆ ಬಂತು. ಹಗಲು ಪಾಳಿಯ ಮೇಸ್ತ್ರಿ ಎವಾರಿಸ್ತೊ ಬೆಳಿಗ್ಗೆ ಓಣಿಯ ಕೊನೆಯ ಬಾಗಿಲಲ್ಲಿ ನಿಂತು ಮುತ್ತು ಕೊಟ್ಟೇ ಒಳಗೆ ಬಿಡುತ್ತಾರೆ.

"ನನ್ನ ಕುತ್ತಿಗೆ ಹಿಂದೆ ಕೈ ಇಟ್ಟು ಹಿಡ್ಕೋತಾರೆ, ಬಿಡಲ್ಲ. ಕೆನ್ನೆಗೆ ಅಂತ ಬಂದಿದ್ದು ತುಟಿ ಅಂಚಿಗೆ ಬರುತ್ತೆ. ಕಿವೀಲಿ ಏನೇನೋ ಹೇಳ್ತಾರೆ."

"ಏನು ಹೇಳ್ತಾರೆ?"

"ಅದನ್ನೂ ಬರೀತೀರಾ?"

"ನೀವು ಹೇಳಿದ್ರೆ."

ಹೇಳಿದಳು. ಬರೆದೆ.

"ಒಂದಿನ ಮುಖ ತಿರುಗಿಸ್ಕೊಂಡೆ. ಆವತ್ತಿಂದ ನನ್ನ ಲೈನಿನ ಕೊನೆಗೆ ಹಾಕಿದ್ರು, ಐಸ್ ನೀರು ಸುರಿಯೋ ಕಡೆ. ಬೆರಳು ಮರಗಟ್ಟಿ ಇಕ್ಕಳ ಹಿಡಿಯೋಕಾಗಲ್ಲ. ಮೊನ್ನೆ ಐಸ್ ಕೋಣೆ ಬಾಗಿಲಿಗೆ ಅಡ್ಡ ನಿಂತ್ಕೊಂಡು, 'ಇವತ್ತಿಂದು ಬಾಕಿ ಇದೆಯಲ್ಲ' ಅಂದ್ರು. ಯಾರೋ ಗಾಡಿ ತಳ್ಕೊಂಡು ಬಂದ್ರು, ಅದಕ್ಕೇ ಬಿಟ್ರು."

"ನಿಮಗೆ ಏನಾಗ್ಬೇಕು ಅಂತ ಇದೆ?" ತರಬೇತಿಯಲ್ಲಿ ಕೇಳಲು ಕಲಿಸಿದ್ದ ಪ್ರಶ್ನೆ ಅದು. ನನ್ನ ಬಾಯಲ್ಲಿ ಮರದ ತುಂಡಿನ ಹಾಗೆ ಬಂತು.

"ನಂಗೆ ಕೆಲ್ಸ ಬೇಕು ಮೇಡಂ. ಹಗಲು ಪಾಳಿಯಲ್ಲೇ ಬೇಕು. ಮಗೂನ ನಮ್ಮಮ್ಮ ಸಂಜೆತನಕ ಮಾತ್ರ ನೋಡ್ಕೊಳ್ಳೋದು, ಆಮೇಲೆ ಅವಳು ಆಸ್ಪತ್ರೆಗೆ ಕಸ ಗುಡಿಸೋಕೆ ಹೋಗ್ತಾಳೆ. ಆ ಮನುಷ್ಯ ದೂರ ಇದ್ರೆ ಸಾಕು. ಬೇರೇನೂ ಬೇಡ."

ಬಾಯಲ್ಲಿ ಹೇಳಿದ ದೂರನ್ನೂ ಬರೆದುಕೊಂಡು ಪ್ರತಿ ಕೊಡಬೇಕೆಂದು ನಿಯಮವಿದೆ, ಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಮಡಿಸಿ ಬೂಟಿನೊಳಗೆ, ಕಾಲುಚೀಲದ ಮೇಲೆ ಸಿಕ್ಕಿಸಿಕೊಂಡಳು.

"ಯಾಕೆ ಬರ್ದೆ?" ಲಿಸಾಂದ್ರೊ ಕೂಗಾಡುವವರಲ್ಲ. ದನಿ ತಗ್ಗಿದಷ್ಟೂ ನಮಗೆ ಭಯ. "ಹುಡುಗಿ ಬಂದ್ಳು, ಅತ್ಲು, ಹೋದ್ಲು. ಒಂದು ಲೋಟ ಚಹಾ ಕೊಟ್ಟು ಕಳಿಸ್ಬೇಕಿತ್ತು."

"ಬರೀಲೇಬೇಕು ಅಂತ ಕಾನೂನು..."

"ಕಾನೂನು ನಂಗೂ ಓದೋಕೆ ಬರುತ್ತೆ ನೊಯೆಮಿ. ಮುಂದಿನ ವಾರ ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬರ್ತಾರೆ. ಪೋಸ್ಟರ್ ಇದೆ, ತರಬೇತಿ ಇದೆ, ನೀನಿದ್ದೀಯ. ಎಲ್ಲ ಚೆನ್ನಾಗಿತ್ತು." ಕಿಟಕಿಯಾಚೆ ಕಟ್ಟೆಗೆ ದೋಣಿ ಬರುವುದನ್ನು ಸ್ವಲ್ಪ ಹೊತ್ತು ನೋಡಿದರು. "ಸರಿ. ಪಾಲಿಸೋದಾದ್ರೆ ಪೂರ್ತಿ ಪಾಲಿಸೋಣ. ಇಬ್ಬರನ್ನೂ ಬೇರೆ ಬೇರೆ ಇಡ್ಬೇಕು ಅಂತ ಇದೆ ಅಲ್ವಾ? ಅವಳನ್ನ ಶೀತಲ ಗೋದಾಮಿಗೆ ಹಾಕು, ರಾತ್ರಿ ಪಾಳಿಗೆ. ಅಲ್ಲಿ ಎವಾರಿಸ್ತೊ ಕಾಲಿಡಲ್ಲ. ರಕ್ಷಣೆ ಸಿಕ್ತಲ್ಲ?"

"ಅವಳಿಗೆ ಮಗು ಇದೆ. ರಾತ್ರಿ ಅಂದ್ರೆ ಕೆಲಸಾನೇ ಬಿಡ್ಬೇಕಾಗುತ್ತೆ."

"ಅದು ಅವಳ ತೀರ್ಮಾನ."

"ದೂರು ಕೊಟ್ಟವರಿಗೇ ನಷ್ಟ ಆಗ್ಬಾರ್ದು ಅಂತ..."

"ವಿಚಾರಣೆ ಅಧಿಕಾರಿ ನೀನು. ಆದೇಶದ ಮೇಲೆ ಸಹಿ ನಿಂದೇ ಇರ್ಬೇಕು. ಶುಕ್ರವಾರ ಸಂಜೆವರೆಗೆ ಯೋಚ್ನೆ ಮಾಡು. ಹಾಗೇ ನಿನ್ನ ಕಾಯಂ ವಿಷಯಾನೂ ಯೋಚ್ನೆ ಮಾಡು."

ದೂರು ಬಂದ ಮೂರು ದಿನದೊಳಗೆ ಕಂಪನಿ ತಾನೇ ವಿಚಾರಣೆ ನಡೆಸಬೇಕು, ಇಲ್ಲವೇ ಇಲಾಖೆಗೆ ಒಪ್ಪಿಸಬೇಕು. ಶುಕ್ರವಾರ ಅದರ ಕೊನೆಯ ದಿನ.

ಬುಧವಾರ ಬೆಳಿಗ್ಗೆ ಓಣಿಯ ಗೋಡೆಯ ಮೇಲೆ ಒಂದು ನೋಟಿಸು. ನಾನು ಬರೆದದ್ದಲ್ಲ, ನನಗೆ ಮೊದಲೇ ತೋರಿಸಿಯೂ ಇರಲಿಲ್ಲ. 'ಹೊಸ ಕಾನೂನಿನ ಪ್ರಕಾರ, ಬಂದಿರುವ ದೂರೊಂದರ ಕಾರಣ, ಇಂದಿನಿಂದ ಕಾರ್ಖಾನೆಯ ಆವರಣದಲ್ಲಿ ಯಾರೂ ಯಾರಿಗೂ ಮುತ್ತು ಕೊಡುವಂತಿಲ್ಲ, ಅಪ್ಪಿಕೊಳ್ಳುವಂತಿಲ್ಲ. ಮೀರಿದವರಿಗೆ ಎಚ್ಚರಿಕೆ ಪತ್ರ.'

ಅದರ ಮುಂದೆ ಜನ ನೆರೆದಿದ್ದರು. ಎರಡನೇ ಲೈನಿನ ಹಿರಿಯಳು, ಎಲ್ಲರೂ ಗೌರವದಿಂದ ದೋನ್ಯಾ ಎಂದು ಕರೆಯುವ ಉಬೆರ್ಲಿಂದಾ ಕನ್ನಡಕ ಏರಿಸಿ ಎರಡು ಸಲ ಓದಿದಳು. ಕಾರ್ಖಾನೆಯ ಬಾಗಿಲು ತೆರೆದ ದಿನದಿಂದ ಇಲ್ಲಿರುವವಳು. ಬೆಳಿಗ್ಗೆ ಬಸ್ಸಿಳಿದು ತನ್ನ ಗೆಳತಿಯರ ಕೆನ್ನೆಗೆಲ್ಲ ಚಟಾರೆಂದು ಮುತ್ತು ಕೊಟ್ಟರೇ ಅವಳ ಕೈಗೆ ಬಿಸಿ ಬರುವುದು.

"ನನ್ನ ತಂಗಿ ಮಗಳಿಗೂ ಕೊಡಂಗಿಲ್ವಂತೆ! ಕಟ್ಕೊಂಡ ಗಂಡನೇ ಪ್ಯಾಕಿಂಗಲ್ಲಿ ಇದಾನಲ್ಲ ಇವಳಿಗೆ, ಅವನಿಗೆ?"

"ಗಂಡಂಗೆ ಕೊಟ್ಟು ಯಾವ ಕಾಲ ಆಯ್ತೋ ದೋನ್ಯಾ. ನನಗೇನೂ ತೊಂದ್ರೆ ಇಲ್ಲ" ಎಂದಳು ಪಕ್ಕದವಳು. ನಗು ಎದ್ದಿತು.

"ನಗ್ಬೇಡ್ರೇ" ಎಂದು ಉಬೆರ್ಲಿಂದಾ ರೇಗಿದಳು. "ಯಾವಳೋ ಒಬ್ಳು ಮೈ ಮುಟ್ಟಿದ್ರೆ ಕರಗಿ ಹೋಗೋ ಬೆಣ್ಣೆ, ಅವಳಿಗೋಸ್ಕರ ನಾವೆಲ್ಲ ಶವದ ಮನೆಗೆ ಬಂದವರ ಹಾಗೆ ಕೈ ಕಟ್ಕೊಂಡು ನಿಲ್ಬೇಕು."

ದೂರು ಕೊಟ್ಟವಳು ಯಾರೆಂದು ಎಲ್ಲರಿಗೂ ತಿಳಿಯಲು ಮಧ್ಯಾಹ್ನವೂ ಆಗಬೇಕಾಗಲಿಲ್ಲ. ಯಾಸ್ನಾ ಹಾದರೆ ಹೆಂಗಸರು ಅತಿಯಾಗಿ ದಾರಿ ಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತಿದ್ದರು. "ಪಕ್ಕಕ್ಕೆ ಸರಿಯೇ, ತಾಗಿಬಿಟ್ಟೀಯ. ಆಮೇಲೆ ನಂಗೂ ನೋಟಿಸು." ಊಟದ ಹಾಲಿನಲ್ಲಿ ಅವಳ ಮೇಜು ಖಾಲಿ. ನಾನು ನನ್ನ ಬುತ್ತಿ ಹಿಡಿದು ಬಾಗಿಲವರೆಗೆ ಹೋದೆ. ಅವಳ ಜೊತೆ ಕೂರಬೇಕೆಂದಿದ್ದೆ. ಎಲ್ಲರ ಕಣ್ಣು ನನ್ನ ಕಡೆ ತಿರುಗಿದವು. ವಿಚಾರಣೆ ಮಾಡುವವಳು ಒಬ್ಬರ ಪಕ್ಕ ಕೂರಬಾರದು ಎಂಬ ನಿಯಮ ನೆನಪಾಗಿ ಹಿಂದಿರುಗಿದೆ. ಆಗ ನಿಯಮ ನೆನಪಾದದ್ದು ಒಳ್ಳೆಯದೇ ಆಯಿತೆಂದು ಅನಿಸಿತ್ತು. ಹಾಗೆ ಅನಿಸಿದ್ದಕ್ಕೆ ಆಮೇಲೆ ಊಟ ಸೇರಲಿಲ್ಲ.

ಗುರುವಾರ ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಎರಡನೇ ಲೈನಿನವರು ಬಂದರು, ಕುರ್ಚಿಯ ತುದಿಯಲ್ಲಿ ಕೂತರು, ಏನೂ ನೋಡಿಲ್ಲ ಎಂದರು.

"ನಾನು ಮೀನು ನೋಡ್ತೀನಿ ಮಗಳೇ, ಮುಖ ನೋಡಲ್ಲ" ಎಂದಳು ಉಬೆರ್ಲಿಂದಾ. "ಎವಾರಿಸ್ತೊ ನನ್ನ ಮೊಮ್ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆ ಆದವನು. ಹಬ್ಬಕ್ಕೆ ನಮ್ಮನೇಲೇ ಉಣ್ತಾನೆ. ಇನ್ನೇನು ಕೇಳ್ಬೇಕಿತ್ತು?"

ಅವಳ ಸಹಿ ತೆಗೆದುಕೊಂಡು ಕಳಿಸಿದೆ.

ಕೊನೆಗೆ ಎವಾರಿಸ್ತೊ ಬಂದರು. ಐವತ್ತು ದಾಟಿದ, ನಗುಮುಖದ ಮನುಷ್ಯ. ಬಡಾವಣೆಯ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಾರೆ. ಕೂತವರೇ ನನ್ನ ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಲು ತೊಡಗಿದರು.

"ಎಲ್ಲರಿಗೂ ಕೊಡ್ತೀನಿ, ಅವಳಿಗೂ ಕೊಟ್ಟೆ. ನಮ್ಮಪ್ಪ ಅಮ್ಮ ಹೀಗೇ ಕಲಿಸಿದ್ದು. ಸಾಂಟಿಯಾಗೊದಲ್ಲಿ ಬೇರೆ ಇರ್ಬೋದು. ಯಾವ ಹೆಂಗಸನ್ನ ಬೇಕಾದ್ರೂ ಕೇಳು, ಯಾರಾದ್ರೂ ಏನಾದ್ರೂ ಅಂದ್ರಾ?"

ನಾನು ಬರೆದುಕೊಳ್ಳುತ್ತಿದ್ದೆ.

"ಅನ್ನಲಿಲ್ಲ ಅಲ್ವಾ? ಹೊಸ ಹುಡುಗೀರಿಗೆ ಏನೇನೋ ಭ್ರಮೆ." ಎದ್ದು ನಿಂತು, ಮೂಲೆಯಲ್ಲಿದ್ದ ನನ್ನ ಕಡತದ ರಾಶಿಯ ಮೇಲೆ ಕೈಯಿಟ್ಟು ತಟ್ಟಿದರು. "ನೀನೂ ಜಾಣೆ ಬಿಡು. ದಿನಾ ಇದನ್ನ ಹೊತ್ಕೊಂಡೇ ನನ್ನ ಮುಂದೆ ಹಾಯ್ತೀಯ. ನೋಡಿಲ್ಲ ಅನ್ಕೊಂಡ್ಯಾ? ಒಂದಿನ ಕೈ ಖಾಲಿ ಇಟ್ಕೊಂಡು ಬಾ."

ನಗುತ್ತ ಹೋದರು. ಸಂಕೋಚವೆಂದು ನಾನು ತಿಳಿದದ್ದು ಇಷ್ಟು ದಿನವೂ ಅವರ ಕಣ್ಣಿಗೆ ಆಟವಾಗಿ ಕಂಡಿತ್ತು.

ಸಂಜೆ ಬಸ್ಸಿಗೆ ಹೊರಡುವ ಮುನ್ನ ಯಾಸ್ನಾ ಬಂದಳು. ಈ ಸಲ ನೇರವಾಗಿ ಒಳಗೆ ಬಂದು ಕೂತಳು.

"ವಾಪಸ್ ತಗೋತೀನಿ. ಎಲ್ಲಿ ಸಹಿ ಹಾಕ್ಬೇಕು?"

"ಯಾರಾದ್ರೂ ಹೆದರಿಸಿದ್ರಾ?"

"ಯಾರೂ ಹೆದರಿಸ್ಲಿಲ್ಲ. ಯಾರೂ ಮಾತೇ ಆಡಲ್ವಲ್ಲ, ಹೆದರಿಸೋದು ಹೇಗೆ?" ನಗಲು ನೋಡಿದಳು. "ಗೋದಾಮಿಗೆ ಹಾಕ್ತಾರಂತೆ, ಪ್ಯಾಕಿಂಗಿನವರು ಹೇಳ್ತಿದ್ರು. ದೂರು ಇಲ್ಲ ಅಂದ್ರೆ ಗೋದಾಮೂ ಇಲ್ಲ ಅಲ್ವಾ? ಐಸ್ ನೀರಾದ್ರೂ ಸರಿ, ಹಗಲು ಇರುತ್ತೆ."

"ಅವರ ಕೆಳಗೇ ಇರ್ಬೇಕಾಗುತ್ತೆ."

"ಇರ್ತೀನಿ. ಕಣ್ಣು ಮುಚ್ಕೋತೀನಿ."

ಏನಾದರೂ ಹೇಳಬೇಕಿತ್ತು. ಓದಿದವಳು, ತರಬೇತಿ ಪಡೆದವಳು. ಬಾಯಿಂದ ಬಂದದ್ದು ಇಷ್ಟೇ: "ನಾಳೆ ಸಂಜೆವರೆಗೆ ತಡೀರಿ. ನಾಳೆ ನೀವು ಕೇಳಿದ್ರೆ ನಾನೇ ಕಾಗದ ಕೊಡ್ತೀನಿ."

"ನಾಳೆ ಏನಾಗುತ್ತೆ?"



ಶುಕ್ರವಾರ ನಾನು ಮೊದಲ ಬಸ್ಸಿಗೇ ಬಂದೆ. ಎವಾರಿಸ್ತೊ ನಿಲ್ಲುವ ಬಾಗಿಲಲ್ಲಿ ಹೆಂಗಸರು ಒಳಹೋಗುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಓಣಿಯಲ್ಲಿ, ನೀರಿನ ಯಂತ್ರದ ಪಕ್ಕ, ಎಂದಿನಂತೆ ಕಡತದ ಹಿಂದೆ ಅವಿತು ನಿಂತೆ. ಅವರು ಬಂದು ಬಾಗಿಲ ಬಳಿ ನಿಂತರು. ಹೆಂಗಸರು ಬಟ್ಟೆ ಬದಲಿಸಿ ಬರತೊಡಗಿದರು.

"ಕಾನೂನು ನನ್ನ ಕಟ್ಟಿಹಾಕಿದೆ ಹುಡುಗೀರಾ! ನೋಡ್ರೇ ಈ ಬಡಪಾಯಿನ!" ಎಂದು ಎರಡೂ ಕೈ ಎತ್ತಿ ತೋರಿಸಿದರು.

ಯಾರೂ ನಗಲಿಲ್ಲ. ನಕ್ಕರೋ ಇಲ್ಲವೋ ಹೇಳಲೂ ಆಗುತ್ತಿರಲಿಲ್ಲ, ಎಲ್ಲರ ಬಾಯಿ ಮೂಗು ಮಾಸ್ಕಿನೊಳಗಿದ್ದವು. ಉಬೆರ್ಲಿಂದಾಳದೂ. ಸಾಲಾಗಿ, ತಲೆ ತಗ್ಗಿಸಿ, ಬಿಳಿ ಬಟ್ಟೆಯಲ್ಲಿ, ಕಣ್ಣು ಮಾತ್ರ ಕಾಣುವಂತೆ ಅವರ ಮುಂದೆ ಹಾದುಹೋದರು. ಯಾಸ್ನಾ ಕೊನೆಗೆ ಬಂದಳು. ಅವಳೊಬ್ಬಳ ಮುಖ ಬರಿದಾಗಿತ್ತು. ಕೆಲಸಕ್ಕೆ ಸೇರುವಾಗ ಹೇಳಿಕೊಟ್ಟಂತೆ, ಕೈ ತೊಳೆದ ಮೇಲೆ ಹಾಕಿಕೊಳ್ಳಲು ಅವಳ ಮಾಸ್ಕ್ ಇನ್ನೂ ಒಳಗಿನ ಡಬ್ಬಿಯಲ್ಲೇ ಇತ್ತು.

ಹಠಮಾರಿಗಳು ಎಂದಿದ್ದರು ಲಿಸಾಂದ್ರೊ. ಎಚ್ಚರಿಕೆ ಓದಿದ್ದು ನಾನೇ. ಆದರೂ ಸಂಜೆಯವರೆಗೆ ಕಾದೆ, ತಪ್ಪು ತಿಳಿದಿರಬಾರದಲ್ಲ. ಪಾಳಿ ಬದಲಾಗುವ ಹೊತ್ತಿಗೆ ಮತ್ತೆ ಅದೇ ಜಾಗದಲ್ಲಿ ನಿಂತೆ. ಸಂಜೆಯ ಪಾಳಿಗೆ ಮೇಸ್ತ್ರಿ ಒಬ್ಬಳು ಹೆಂಗಸು. ಅದೇ ಓಣಿ, ಅದೇ ಬಾಗಿಲು. ಆ ಪಾಳಿಯವರು ಬ್ರೆಡ್ ಅಗಿಯುತ್ತ, ಜೋರಾಗಿ ಹರಟುತ್ತ ಬರಿ ಮುಖದಲ್ಲಿ ಬಂದರು. ಒಬ್ಬಳ ಮುಖದ ಮೇಲೂ ಮಾಸ್ಕ್ ಇರಲಿಲ್ಲ.

ಕಡತಗಳನ್ನು ನೀರಿನ ಯಂತ್ರದ ಮೇಲೇ ಬಿಟ್ಟು ಬಟ್ಟೆ ಬದಲಿಸುವ ಕೋಣೆಗೆ ಓಡಿದೆ. ಹಗಲು ಪಾಳಿಯವರು ಹೊರಡುವ ಮೊದಲು ಬೆಂಚಿನ ಮೇಲೆ ಕೂತು 'ಮಾತೆ' ಎಂಬ ಎಲೆಯ ಕಷಾಯ ಸುತ್ತಿಸುತ್ತಿದ್ದರು. ಒಂದೇ ಸೋರೆಬುರುಡೆ, ಒಂದೇ ಕೊಳವೆ, ಕಷಾಯ ಕೈಯಿಂದ ಕೈಗೆ ಹೋಗುತ್ತಿತ್ತು. ಬಟ್ಟೆಯಲ್ಲಿ ಸುತ್ತಿದ ಆಲೂಗಡ್ಡೆ ಮಿಲ್ಕಾವೊ ರೊಟ್ಟಿಯ ವಾಸನೆ. ಯಾಸ್ನಾ ಅಲ್ಲಿರಲಿಲ್ಲ, ಹೊರಗೆ ಬಸ್ಸಿನ ಹತ್ತಿರ ಒಬ್ಬಳೇ ನಿಂತಿದ್ದಳು.

"ಒಂದೇ ಪ್ರಶ್ನೆ" ಎಂದೆ. "ನೀವು ಓಣಿಯಲ್ಲೇ ಯಾಕೆ ಮಾಸ್ಕ್ ಹಾಕ್ಕೋತೀರಿ?"

"ಮತ್ತೆ ಅದೇನಾ?" ಯಾರೋ ರೇಗಿದರು.

"ಚಳಿ" ಎಂದಳು ಉಬೆರ್ಲಿಂದಾ.

"ಸಂಜೆ ಪಾಳಿಯವರಿಗೆ ಚಳಿ ಆಗಲ್ವಾ?"

ಕೊಳವೆಯಲ್ಲಿ ಕಷಾಯ ಮುಗಿದ ಗೊರಗೊರ ಸದ್ದು ಬಂತು. ಬುರುಡೆ ಹಿಡಿದಿದ್ದವಳು ಮೇಲೆ ನೋಡಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದವಳು ಕಿಸಕ್ಕನೆ ನಕ್ಕಳು.

"ನಾನು ಮಾಸ್ಕ್‌ಗೆ ಮೊದ್ಲು ಬಾಯ್ತುಂಬ ಬ್ರೆಡ್ ತುಂಬ್ಕೊಂಡು ಬರ್ತಿದ್ದೆ. ಉಸಿರು ಕಟ್ಟಿ ಸಾಯೋ ಹಾಗಾಗ್ತಿತ್ತು. ಮಾಸ್ಕೇ ಸುಲಭ, ಹಾಕಿದ ಮೇಲೆ ಮುಟ್ಟಂಗಿಲ್ವಲ್ಲ."

"ನಾನು ಬೆಳ್ಳುಳ್ಳಿ ತಿಂತಿದ್ದೆ ಕಣೇ. ನನ್ನ ಗಂಡ ಮನೆ ಬಿಟ್ಟು ಹೋಗೋದೊಂದು ಬಾಕಿ, ಎವಾರಿಸ್ತೊ ಮಾತ್ರ ಬಿಡ್ಲಿಲ್ಲ."

"ಬೂಟಿನ ದಾರ ಕಟ್ಟೋ ಹಾಗೆ ಬಗ್ಗಿ ಬಿಡ್ತಿದ್ದೆ ನಾನು."

"ರಬ್ಬರ್ ಬೂಟಿಗೆ ದಾರ ಎಲ್ಲಿಂದ ಬಂತೇ?"

"ಅದನ್ನ ಅವನೂ ಒಂದಿನ ಕೇಳಿದ."

ಎಲ್ಲರೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ನನಗೂ ನಗು ಬಂತು. ಆಮೇಲೆ ನಗು ಒಂದೇ ಸಲ ನಿಂತಿತು, ಉಬೆರ್ಲಿಂದಾ ನಗುತ್ತಿರಲಿಲ್ಲ. ಮೊಣಕಾಲ ಮೇಲಿನ ಮಿಲ್ಕಾವೊ ರೊಟ್ಟಿಯನ್ನು ಬಟ್ಟೆಯಲ್ಲಿ ಮತ್ತೆ ಸುತ್ತುತ್ತಿದ್ದಳು, ಬಹಳ ನಿಧಾನವಾಗಿ.

"ಆ ಹುಡುಗಿಗೆ ಯಾರೂ ಹೇಳ್ಲೇ ಇಲ್ಲ" ಎಂದಳು. "ಬಂದವರಿಗೆಲ್ಲ ನಾನೇ ಹೇಳ್ತಿದ್ದೆ. ಮಾಸ್ಕ್ ಇಲ್ಲಿಂದಲೇ ಹಾಕ್ಕೋ ಮಗಳೇ, ಯಾಕೆ ಅಂತ ಕೇಳ್ಬೇಡ ಅಂತ. ಅವಳು ಸೇರಿದಾಗ ನಂಗೆ ಸೊಂಟ ಹಿಡಿದು ರಜೆ ಇತ್ತು. ವಾಪಸ್ ಬಂದ ಮೇಲೆ ಬರಿ ಮುಖದಲ್ಲಿ ಓಡಾಡೋದು ನೋಡ್ದೆ. ದೊಡ್ಡ ಶಿಸ್ತಿನವಳು ಅನ್ಕೊಂಡು ಸುಮ್ಮನಾದೆ."

ಸುತ್ತಿದ ರೊಟ್ಟಿಯನ್ನು ಚೀಲಕ್ಕೆ ಹಾಕಿದಳು.

"ಬೆಣ್ಣೆ ಅಂದೆ ಅವಳನ್ನ."

"ನೀವು ಹೇಳಿದ್ದನ್ನ ಬರ್ಕೊಳ್ಳಲಾ?" ಎಂದು ಕೇಳಿದೆ.

ಮೊಮ್ಮಗನ ಧರ್ಮತಂದೆ, ಹಬ್ಬದ ಊಟ, ಮಗಳ ಮುಖ, ಏನೆಲ್ಲ ಅವಳ ಕಣ್ಣ ಮುಂದೆ ಬಂದಿತೋ ನಾನು ಹೇಳಲಾರೆ. ಹೊರಗೆ ಬಸ್ಸಿನ ಚಾಲಕ ಹಾರ್ನ್ ಹೊಡೆದ.

"ಬರಿ. ನನ್ನ ಹೆಸರು ಮೊದಲು ಹಾಕು. ಬೇರೆಯವರು ಅವರಿಷ್ಟ."

ಕೆಲವರು ಹೇಳಿದರು. ಕೆಲವರು ಬುತ್ತಿ ತೊಳೆಯುವ ನೆಪದಲ್ಲಿ ಎದ್ದುಹೋದರು. ಬೆಳ್ಳುಳ್ಳಿಯವಳು ಬಾಗಿಲವರೆಗೆ ಹೋಗಿ ನಿಂತು, ಹಿಂದಿರುಗಿ ಬಂದು, "ಥೂ, ನಂದೂ ಹಾಕು" ಎಂದಳು.

ಲಿಸಾಂದ್ರೊ ಕೋಟು ಹಾಕಿಕೊಂಡು ಹೊರಡುತ್ತಿದ್ದರು. ನಾನು ಬಾಗಿಲು ತಟ್ಟಲು ಮರೆತು ಒಳಗೆ ಹೋದೆ.

"ಸಹಿ ಮಾಡಿದ್ಯಾ?"

"ಮಾಡಿದೀನಿ."

ಓದಿದರು. ವಿಚಾರಣೆ ಮುಗಿಯುವವರೆಗೆ ಎವಾರಿಸ್ತೊ ಕಟ್ಟೆಯ ಮೇಲೆ, ದೋಣಿಯಿಂದ ಮೀನು ಇಳಿಸುವ ಕಡೆ. ಯಾಸ್ನಾ ಹಗಲು ಪಾಳಿಯಲ್ಲಿ, ಲೈನಿನಲ್ಲಿ ಮೊದಲಿದ್ದ ಜಾಗದಲ್ಲೇ. ಅದರ ಕೆಳಗೆ ಹೆಂಗಸರ ಮಾತುಗಳು.

"ಹದಿನೈದು ವರ್ಷದಿಂದ ಇರೋ ಮೇಸ್ತ್ರಿನ ಕಟ್ಟೆಗೆ ಕಳಿಸ್ತೀಯಾ? ಗಾಳಿಗೆ? ಜನ ಏನಂತಾರೆ?"

"ಜನ ಹೇಳಿದ್ದನ್ನೇ ಬರ್ದಿದೀನಿ."

"ನಾನು ಸಹಿ ಹಾಕದಿದ್ರೆ?"

ಈ ಉತ್ತರವನ್ನು ಓಣಿಯುದ್ದಕ್ಕೂ ಮನಸ್ಸಿನಲ್ಲಿ ಉರುಹೊಡೆದುಕೊಂಡು ಬಂದಿದ್ದೆ. "ಇವತ್ತು ಕೊನೆ ದಿನ. ಇಲಾಖೆ ಕಚೇರಿ ಇನ್ನೂ ತೆರೆದಿದೆ. ಇಡೀ ದೂರನ್ನ ಅವರಿಗೇ ಒಪ್ಪಿಸ್ಬೇಕಾಗುತ್ತೆ. ಆಗ ಗೋಡೆ ಮೇಲಿನ ನೋಟಿಸು ಯಾಕೆ ಬಂತು ಅಂತಾನೂ ಕೇಳ್ತಾರೆ. ದೂರು ಗುಟ್ಟಾಗಿರ್ಬೇಕಿತ್ತಲ್ಲ."

ಅವರು ನನ್ನನ್ನು ಮೊದಲ ಬಾರಿ ನೋಡುವವರಂತೆ ನೋಡಿದರು. ಆಮೇಲೆ ಗೋಡೆಯ ಮೇಲಿದ್ದ, ನನ್ನ ಹೆಸರಿನ ಆ ಚೌಕಟ್ಟನ್ನು ನೋಡಿದರು. ಪೆನ್ನು ತೆಗೆದರು. ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು.

"ನೋಟಿಸು ನಾನೇ ತೆಗೆಸ್ತೀನಿ, ನನಗೆ ಬೇಕಾದಾಗ. ನಿನ್ನ ಕಾಯಂ ಮಾತು ತಿಂಗಳ ಕೊನೆಗೆ ಆಡೋಣ."

"ಆಗ್ಲಿ" ಎಂದೆ. ಹೊರಗೆ ಬಂದವಳೇ ಆದೇಶದ ಇನ್ನೊಂದು ಪ್ರತಿ ಮಾಡಿಕೊಂಡೆ.

ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯ ಬಳಿ ಕೂತಿದ್ದ ಯಾಸ್ನಾಳಿಗೆ ಆದೇಶದ ಪ್ರತಿ ಕೊಟ್ಟೆ. ಬಸ್ಸಿನ ಮಂದ ಬೆಳಕಿನಲ್ಲಿ ಅದನ್ನು ಓದಿದಳು. ವಾಪಸ್ ತೆಗೆದುಕೊಳ್ಳುವ ಕಾಗದದ ಮಾತು ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಓಣಿಯ ಕೊನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ಎರಡನೇ ಲೈನಿನವರು ಒಬ್ಬೊಬ್ಬರೇ ಬಂದರು. ಬರಿ ಮುಖ. ಆ ಮುಖಗಳನ್ನು ಆ ಹೊತ್ತಿನಲ್ಲಿ, ಆ ಬೆಳಕಿನಲ್ಲಿ ನಾನು ನೋಡಿಯೇ ಇರಲಿಲ್ಲ. ಒಬ್ಬಳ ಗಲ್ಲದಲ್ಲಿ ಗುಳಿ ಬೀಳುತ್ತಿತ್ತು. ನೋಟಿಸು ಇನ್ನೂ ಗೋಡೆಯ ಮೇಲೇ ಇತ್ತು.

ಯಾಸ್ನಾ ಬಂದಳು. ಅವಳು ಮಾಸ್ಕ್ ಹಾಕಿಕೊಂಡಿದ್ದಳು. ಯಾರು ಹೇಳಿಕೊಟ್ಟರೋ, ತಾನೇ ಕಲಿತಳೋ, ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡಿದ್ದಳು.

ಉಬೆರ್ಲಿಂದಾ ಅವಳಿಗೆ ಅಡ್ಡ ನಿಂತಳು. "ಏನೇ ಇದು? ಕೈ ತೊಳೆಯೋ ಜಾಗ ಇನ್ನೂ ಬಂದಿಲ್ಲ. ನಿಯಮ ಗೊತ್ತಿಲ್ವಾ ನಿಂಗೆ? ತೆಗಿ ಅದನ್ನ."

ಯಾಸ್ನಾ ತೆಗೆಯಲಿಲ್ಲ. ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾಗುವವರೆಗೆ ನೋಡಿದಳು. ಆಮೇಲೆ ಕಿವಿಯಿಂದ ದಾರ ಬಿಡಿಸಿದಳು.

ಉಬೆರ್ಲಿಂದಾ ಅಭ್ಯಾಸದಂತೆ ಮುಂದೆ ಬಾಗಿದವಳು ಅರ್ಧದಲ್ಲೇ ನಿಂತಳು. ಹಾಗೆ ನಿಲ್ಲುವುದು ಆ ಹೆಂಗಸಿಗೆ ಹುಟ್ಟಿದ ಮೇಲೆ ಮೊದಲ ಸಲವಿರಬೇಕು. ಮುಖ ಕೆಂಪಾಯಿತು. "ಕೊಡ್ಲಾ?" ಎಂದು ಕೇಳಿದಳು.

ಯಾಸ್ನಾ ಸ್ವಲ್ಪ ಯೋಚಿಸಿದಳು. ಆಮೇಲೆ ಕೈ ಚಾಚಿದಳು. ಉಬೆರ್ಲಿಂದಾ ಆ ಕೈಯನ್ನು ನೋಡಿ, ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಚಳಿಗೆ ಉಜ್ಜುವ ಹಾಗೆ ಉಜ್ಜಿದಳು.

"ಬಾ. ನನ್ನ ಪಕ್ಕ ನಿಂತ್ಕೋ ಇವತ್ತು."

ಹೋಗುತ್ತ ಹೋಗುತ್ತ ನನ್ನ ಕಡೆ ತಿರುಗಿದಳು. ನಾನು ಎಂದಿನಂತೆ ಗದ್ದದವರೆಗಿನ ರಾಶಿ ಹೊತ್ತು ನಿಂತಿದ್ದೆ.

"ನೀನು? ಇಷ್ಟು ದಿನದಿಂದ ಹೊರ್ತೀಯಲ್ಲ, ಏನಿದೆ ಅದ್ರಲ್ಲಿ?"

"ಏನೂ ಇಲ್ಲ" ಎಂದೆ. "ಎಲ್ಲ ಖಾಲಿ."

ಓಣಿಯ ತುಂಬ ನಗು ಎದ್ದಿತು. ಯಾಸ್ನಾಳ ನಗುವೂ ಅದರಲ್ಲಿತ್ತು, ಸಣ್ಣದಾಗಿ, ಎಲ್ಲರಿಗಿಂತ ತಡವಾಗಿ.